ಉಸಿರು ಕಾಣುವ ಪ್ರಾಣಿ

ನನಗೆ ಇಲಿ ಕಂಡರೆ ಭಯ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಕಾಟನ್‌ಪೇಟೆಯಲ್ಲಿ ಹಾಸಿಗೆ ಅಂಗಡಿ ಇಟ್ಟುಕೊಂಡು ಬದುಕಿದವನು ನಾನು. ಅರಳೆ ಮೂಟೆಯೊಳಗೆ ಕೈ ಹಾಕಿದಾಗ ಏನೋ ಮೆತ್ತಗಿನದು ಬೆರಳಿಗೆ ತಗುಲಿ ಸರಕ್ಕನೆ ಓಡುತ್ತದಲ್ಲ, ಆ ಅನುಭವ ಆದವರಿಗೆ ನನ್ನ ಮಾತು ಅರ್ಥವಾಗುತ್ತದೆ. ಮಿಕ್ಕವರು ನಗಲಿ, ನನಗೇನು. ಇಂಥ ನನ್ನ, ಈ ಮಲ್ಲಿಕಾರ್ಜುನಯ್ಯನ ಮನೆಗೆ ದುಡ್ಡು ಕೊಟ್ಟು ಇಲಿಯಂಥದ್ದೊಂದನ್ನು ತರುವ ಕಾಲ ಬಂತು. ಹೆದರುವವನ ಮೇಲೆ ಹಾವು ಎಸೆದ ಹಾಗೆ.

ತಂದದ್ದು ಮೊಮ್ಮಗಳು ಅಕ್ಷಯಾಳಿಗೆ. ಎರಡನೇ ಕ್ಲಾಸಿನ ಹುಡುಗಿ. ಹೋದ ವರ್ಷ ಕಾರ್ತಿಕ ಮಾಸದಲ್ಲಿ ನನ್ನ ಹೆಂಡತಿ ಶೈಲಜ ಹೋಗಿಬಿಟ್ಟಳು. ಕಾಯಿಲೆಯಿಲ್ಲ, ಕಸಾಲೆಯಿಲ್ಲ, ಬೆಳಿಗ್ಗೆ ಕಾಫಿಗೆ ಏಳಲಿಲ್ಲ, ಅಷ್ಟೆ. ಏಕೆ ಎದ್ದಿಲ್ಲ ಅಂತ ಎಬ್ಬಿಸಲು ಹೋದದ್ದು ಈ ಮಗು. ಹಾಸಿಗೆಯ ಮೇಲೆ ಹತ್ತಿ ಕೂತು, ಅಜ್ಜಿಯ ಕೆನ್ನೆ ತಟ್ಟಿ, 'ಅಜ್ಜಿ ಏಳು, ಸ್ಕೂಲಿಗೆ ಟೈಮಾಯ್ತು' ಅಂತ ಎಷ್ಟು ಹೊತ್ತು ಕರೆಯುತ್ತಿದ್ದಳೋ. ನಾನು ಅಂಗಳದಲ್ಲಿ ಪತ್ರಿಕೆ ಓದುತ್ತಾ ಕೂತಿದ್ದೆ.

ಆಮೇಲಿನದನ್ನೆಲ್ಲ ಅವಳು ನೋಡಿದಳು. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಹೂಳುತ್ತೇವೆ. ಮನೆಯಲ್ಲಿ ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹೂವು ಹಾಕಿದ್ದನ್ನು ನೋಡಿದಳು. ರುದ್ರಭೂಮಿಯಲ್ಲಿ ಗುಂಡಿಯ ಒಳಗೋಡೆಯಲ್ಲಿ ಗೂಡು ಕೊರೆದು ಅದರೊಳಗೆ ಕೂರಿಸಿದ್ದನ್ನೂ ಅವರಪ್ಪನ ಹೆಗಲ ಮೇಲಿಂದ ನೋಡಿದಳು. ಮಗುವನ್ನು ಕರೆದುಕೊಂಡು ಬರಬೇಡಿ ಅಂತ ನಾನು ಬಡಕೊಂಡೆ. ಯಾರು ಕೇಳಿದರು?

ಅಂದಿನಿಂದ ಅವಳಿಗೊಂದು ಅಭ್ಯಾಸ ಬಂತು. ಬೆಳಿಗ್ಗೆ ಎದ್ದ ತಕ್ಷಣ ಮನೆಯಲ್ಲಿರುವ ಎಲ್ಲರ ಮೂಗಿನ ಕೆಳಗೂ ಅಂಗೈ ಹಿಡಿದು ನೋಡುವುದು. ಮೊದಲು ಅವರಮ್ಮ ವಾಣಿ, ಆಮೇಲೆ ನನ್ನ ಮಗ ಶಶಿಕಿರಣ್, ಆಮೇಲೆ ನಾನು. ಅಲ್ಲಿಗೂ ಮುಗಿಯುವುದಿಲ್ಲ. ವರಾಂಡದ ನಾಯಿ ಟೈಗರ್, ಶೈಲಜ ಬೀದಿಯಿಂದ ತಂದು ಸಾಕಿದ ಎರಡು ಬೆಕ್ಕು, ಬೆಳ್ಳಿ ಮತ್ತು ಕಡ್ಲೆ. ಎಲ್ಲರ ಉಸಿರೂ ಕೈಗೆ ತಾಗಿದ ಮೇಲೆ ಹಲ್ಲುಜ್ಜಲು ಹೋಗುತ್ತಾಳೆ. ನಾನು ಎಚ್ಚರವಾಗಿಯೇ ಇರುತ್ತೇನೆ, ಆದರೂ ಕಣ್ಣು ಮುಚ್ಚಿಕೊಂಡು ಆ ಪುಟ್ಟ ಕೈ ಬರುವುದನ್ನು ಕಾಯುತ್ತೇನೆ. ಬೇಕೆಂದೇ ಜೋರಾಗಿ ಉಸಿರು ಬಿಡುತ್ತೇನೆ.

ಮಕ್ಕಳ ಡಾಕ್ಟರು ಹೇಳಿದರು, ಅವಳದೇ ಅಂತ ಒಂದು ಸಣ್ಣ ಪ್ರಾಣಿ ಕೊಡಿಸಿ, ಅದನ್ನು ನೋಡಿಕೊಳ್ಳುತ್ತಾ ಭಯ ಮರೀತಾಳೆ ಅಂತ. ಹೇಳುವುದು ಸುಲಭ. ನಾಯಿಯೂ ಎರಡು ಬೆಕ್ಕೂ ಇರುವ ಮನೆಯಲ್ಲಿ ಸಣ್ಣ ಪ್ರಾಣಿ ಎಂದರೆ ತುತ್ತು. ಆ ತುತ್ತು ಈ ಮಗುವಿನ ಕಣ್ಣೆದುರು ಸತ್ತರೆ?

ಭಾನುವಾರ ಗಾಂಧಿ ಬಜಾರಿನ ಹಿಂದಿನ ರಸ್ತೆಯ ಸಾಕುಪ್ರಾಣಿ ಅಂಗಡಿಗೆ ಅವಳನ್ನು ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಅಮರ್, ಮಾತು ಜಾಸ್ತಿ. 'ಏನ್ ಬೇಕು ಪುಟ್ಟಿ?' ಅಂದ. ನಮ್ಮವಳು ನೇರವಾಗಿ ಕೇಳಿದಳು, 'ಯಾವುದು ಸಾಯಲ್ಲ ಅಂಕಲ್?'

'ಆಮೆ ಬಹಳ ವರ್ಷ ಬದುಕತ್ತೆ, ಆದ್ರೆ ನಮ್ಮ ಆಮೆಗಳನ್ನ ಮನೇಲಿ ಸಾಕೋದಕ್ಕೆ ಕಾನೂನು ಬಿಡಲ್ಲ ಸಾರ್' ಅಂತ ನನ್ನ ಕಡೆ ತಿರುಗಿದ. 'ಮೀನು ತಗೊಂಡು ಹೋಗಿ. ಬೆಕ್ಕಿದ್ರೂ ಮುಚ್ಚಳ ಹಾಕಿದ್ರಾಯ್ತು.'

ಅಕ್ಷಯಾ ಗಾಜಿಗೆ ಮೂಗು ಒತ್ತಿ ಮೀನುಗಳನ್ನು ನೋಡಿದಳು. 'ಇವು ಉಸಿರು ಆಡ್ತವಾ?'

'ಆಡ್ತವೆ ಪುಟ್ಟಿ, ನೀರಲ್ಲೇ.'

'ನಂಗೆ ಹೇಗೆ ಗೊತ್ತಾಗತ್ತೆ?'

ಮೀನು ಬೇಡವಾಯಿತು. ಲವ್ ಬರ್ಡ್ಸ್ ಅಂದ. ಬೆಳ್ಳಿಯೂ ಕಡ್ಲೆಯೂ ಪಂಜರದ ಕೆಳಗೆ ಬಾಯಿ ತೆರೆದು ಕೂತಿರುವ ಚಿತ್ರ ನನ್ನ ಕಣ್ಣ ಮುಂದೆ ಬಂತು, ಬೇಡ ಅಂದೆ. ಮೊಲ ಅಂದ. ಟೈಗರ್ ಹುಟ್ಟಿದ್ದೇ ಮೊಲ ಅಟ್ಟಲು ಅನ್ನುವಂಥ ನಾಯಿ, ಅದೂ ಬೇಡ ಅಂದೆ. ಆಗ ಅಕ್ಷಯಾ ಅಂಗಡಿಯ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಅವಳ ಮುಂದೆ ಒಂದು ಪಂಜರ. ಅದರೊಳಗೆ ನನ್ನ ಜೀವಮಾನದ ಶತ್ರುವಿನ ತಮ್ಮ. ಬಾಲವೇ ಇಲ್ಲವೆನ್ನಬಹುದಾದ, ರವೆಯ ಬಣ್ಣದ, ಗುಂಡಗಿನ ಒಂದು ಇಲಿ.

'ಹ್ಯಾಮ್ಸ್ಟರ್ ಸಾರ್' ಅಂದ ಅಮರ್. 'ಒಳ್ಳೇ ಪಂಜರದಲ್ಲಿಟ್ರೆ ಬೆಕ್ಕಿನ ಕೈ ಒಳಗೆ ಹೋಗಲ್ಲ. ಒಂದೇ ಸಾಕು, ಜೊತೆ ಬೇಡ. ಎರಡು ವರ್ಷ, ಅದೃಷ್ಟ ಇದ್ರೆ ಮೂರು.'

ಎರಡು ವರ್ಷ! 'ಬೇಡಮ್ಮ, ಬಾ, ಬೇರೆ ಅಂಗಡಿ ನೋಡೋಣ' ಅಂದೆ. ಅವಳು ಅಲ್ಲಾಡಲಿಲ್ಲ.

'ತಾತ, ಇಲ್ಲಿ ನೋಡು. ಹೊಟ್ಟೆ ನೋಡು. ಎಷ್ಟು ಬೇಗ ಬೇಗ ಆಡ್ತಿದೆ. ಇದರ ಉಸಿರು ಕಾಣತ್ತೆ ತಾತ!'

ಅಜ್ಜಿ ಹೋದ ಮೇಲೆ ಆ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ. ಇನ್ನೇನು ಹೇಳಲಿ? ಕೊಡಪ್ಪ ಅಂದೆ. ಅಮರ್ ಕಾಳು, ನೀರು, ಓಡುವ ಚಕ್ರ, ಬಿಸಿಲು, ಚಳಿ ಅಂತ ಏನೇನೋ ಹೇಳುತ್ತಲೇ ಇದ್ದ. ಅವನು ರಟ್ಟಿನ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟುಬಿಟ್ಟಿದ್ದ. ಒಳಗೆ ಅದು ಕೆರೆಯುತ್ತಿತ್ತು. ನನಗೆ ಆ ಪೆಟ್ಟಿಗೆಯ ತೂತು ಬಿಟ್ಟು ಪ್ರಪಂಚದಲ್ಲಿ ಬೇರೇನೂ ಕೇಳಿಸಲಿಲ್ಲ, ಕಾಣಿಸಲಿಲ್ಲ. ಹೂಂ ಹೂಂ ಅಂದು ಹೊರಟುಬಂದೆ.

ಉಂಡೆ ಅಂತ ಹೆಸರಿಟ್ಟಳು, ರವೆ ಉಂಡೆ. ಆಟೋದಲ್ಲಿ ನನ್ನ ಕೈ ಹಿಡಿದುಕೊಂಡು, 'ಇದಕ್ಕೇನೂ ಆಗಲ್ಲ ಅಲ್ವಾ ತಾತ?' ಅಂದಳು.

'ಏನೂ ಆಗಲ್ಲ. ನಾನಿದೀನಲ್ಲ' ಅಂದುಬಿಟ್ಟೆ. ನಾಲಿಗೆಗೆ ಮೂಳೆಯಿಲ್ಲ ನೋಡಿ.

ನಾನಿದ್ದೇನೆ ಅಂದವನಿಗೆ ಅಂದಿನಿಂದ ನೆಮ್ಮದಿಯೇ ಇಲ್ಲ. ಪಂಜರವನ್ನು ಹಾಲಿನ ಮೇಜಿನ ಮೇಲಿಟ್ಟರೆ ಕಡ್ಲೆ ಎದುರಿಗೆ ಕೂತು ಕಣ್ಣು ಮಿಟುಕಿಸದೆ ನೋಡುವುದು. ಬೆಳ್ಳಿ ಮೇಲಿನ ಗೂಡಿನಿಂದ ನೋಡುವುದು. ಟೈಗರ್ ಬಾಗಿಲಲ್ಲಿ ಜೊಲ್ಲು ಸುರಿಸುವುದು. ಗದರಿಸಿ ಓಡಿಸಿದರೆ ಬೆನ್ನು ತಿರುಗಿಸುವುದರೊಳಗೆ ಮತ್ತೆ ಅಲ್ಲೇ. 'ಪಂಜರ ಗಟ್ಟಿಯಾಗಿದೆ ಮಾವ, ನೀವು ಸುಮ್ನೆ ಗಾಬರಿ ಆಗ್ಬೇಡಿ' ಅಂತ ವಾಣಿ ಹೇಳುತ್ತಿದ್ದಳು. ಅವಳು ಶೇಷಾದ್ರಿಪುರದ ಆಫೀಸಿಗೆ, ಮಗ ಅಂಗಡಿಗೆ ಹೋದರೆ ಇಡೀ ದಿನ ಈ ಮೃಗಾಲಯದ ಕಾವಲು ನನ್ನದೇ ತಾನೆ? ಒಂದು ಸಂಜೆ ಕಡ್ಲೆ ಮೇಜಿನ ಮೇಲೆ ಹಾರಿ ಪಂಜರವನ್ನು ಅಂಚಿನವರೆಗೂ ನೂಕಿಬಿಟ್ಟಿತು. ಹಿಡಿದುಕೊಂಡೆ ಸರಿ, ಆದರೆ ನನ್ನ ಜೀವ ಬಾಯಿಗೆ ಬಂದಿತ್ತು.

ಆವತ್ತು ಎಲ್ಲರೂ ಮಲಗಿದ ಮೇಲೆ ಪಂಜರ ಎತ್ತಿಕೊಂಡು ಹಿತ್ತಲ ಕಡೆಯ ಹಳೇ ಬಚ್ಚಲುಮನೆಯಲ್ಲಿಟ್ಟೆ. ಗೀಸರ್ ಬಂದ ಮೇಲೆ ಅಲ್ಲಿ ಹಂಡೆಯ ಒಲೆ ಉರಿಸುವವರಿಲ್ಲ. ಕಲ್ಲಿನ ನೆಲ, ಮೇಲೊಂದು ಬೆಳಕಿಂಡಿ, ದಪ್ಪ ಬಾಗಿಲು. ಹೊರಗಿನಿಂದ ಚಿಲಕ ಹಾಕಿದೆ. ಇನ್ನು ಯಾವ ಬೆಕ್ಕು ಬರುತ್ತೆ ಬರಲಿ ಅಂದುಕೊಂಡು ಬಂದು ರಗ್ಗು ಹೊದ್ದು ಮಲಗಿದೆ. ಡಿಸೆಂಬರ್ ತಿಂಗಳು. ರಗ್ಗು ಹೊದ್ದರೂ ಕಾಲು ಕೊರೆಯುತ್ತಿತ್ತು. ಆಗಲಾದರೂ ನನ್ನ ಮಂಡೆಗೆ ಹೊಳೆಯಬಾರದೆ?

ಬೆಳಿಗ್ಗೆ ಮನೆಯಲ್ಲಿ ಗಡಿಬಿಡಿ. ಸ್ಕೂಲಿನ ವ್ಯಾನು ಬೇಗ ಬಂದು ಹಾರ್ನ್ ಹೊಡೆಯುತ್ತಿದೆ. ಉಂಡೆ ಬಚ್ಚಲಲ್ಲಿದೆ ಅಂತ ನನ್ನಿಂದ ಕೇಳಿದ್ದೇ ತಡ, ಅಕ್ಷಯಾ ಒಂದು ಕಾಲಿಗೆ ಶೂ ಹಾಕಿಕೊಂಡು ಹಿತ್ತಲ ಕಡೆ ಓಡಿದಳು. ನಾನು ಹಿಡಿದುಕೊಂಡೆ.

'ಉಂಡೆ ಮಲಗಿದೆ ಕಂದ. ಸಂಜೆ ನೋಡುವೆಯಂತೆ.'

'ಉಸಿರು ನೋಡಿದ್ಯಾ ತಾತ?'

'ನೋಡ್ದೆ. ಚೆನ್ನಾಗಿ ಆಡ್ತಿದೆ. ಹೋಗಮ್ಮ, ವ್ಯಾನು ಹೋಗಿಬಿಡತ್ತೆ.'

ನಾನು ಇನ್ನೂ ಚಿಲಕವೇ ತೆಗೆದಿರಲಿಲ್ಲ.

ಎಲ್ಲರೂ ಹೋದ ಮೇಲೆ ಬಾಗಿಲು ತೆಗೆದೆ. ಒಳಗಿನ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಿತು. ಪಂಜರದ ಮೂಲೆಯಲ್ಲಿ ಉಂಡೆ ಮುದುರಿಕೊಂಡು ಬಿದ್ದಿತ್ತು. ಪೊರಕೆ ಕಡ್ಡಿಯಿಂದ ತಿವಿದೆ. ಅಲ್ಲಾಡಲಿಲ್ಲ. ಹೊಟ್ಟೆ ನೋಡಿದೆ. ಬೇಗ ಬೇಗ ಆಡುತ್ತಿದ್ದ ಆ ಹೊಟ್ಟೆ ನಿಂತಿತ್ತು. ಇಲಿ ಮುಟ್ಟದ ನಾನು ಆವತ್ತು ಕೈ ಹಾಕಿ ಎತ್ತಿಕೊಂಡೆ. ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿತ್ತು. ಮೂಗಿನ ಹತ್ತಿರ ಬೆರಳು ಹಿಡಿದೆ. ಏನೂ ತಾಗಲಿಲ್ಲ.

ಅಯ್ಯೋ ಶಿವನೇ ಅಂತ ಅಲ್ಲೇ ಕೂತೆ. ಭಯ ಆ ಪ್ರಾಣಿಯದಲ್ಲ. ಸಂಜೆಯ ಭಯ. ಮಗು ಬರುತ್ತದೆ, ಅಂಗೈ ಚಾಚಿಕೊಂಡು ಓಡಿ ಬರುತ್ತದೆ. ಇನ್ನೊಂದು ಸಲ ತಣ್ಣಗಿನ ಮೈ ಮುಟ್ಟುತ್ತದೆ. ಆಮೇಲೆ ಅದಕ್ಕೇನಾಗುತ್ತದೋ, ಮಾತು ನಿಲ್ಲುತ್ತದೋ, ಊಟ ಬಿಡುತ್ತದೋ!

ಹೆದರಿದವನ ತಲೆ ಬೇಗ ಓಡುತ್ತದೆ, ಎಲ್ಲಿಗೆ ಅಂತ ಮಾತ್ರ ಕೇಳಬಾರದು. ಇದೇ ಬಣ್ಣದ್ದು ಇನ್ನೊಂದು ತಂದಿಟ್ಟರೆ? ಅಮರ್ ಹತ್ತಿರ ಇನ್ನೂ ಇದ್ದವು. ಮಗುವಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಮೊದಲು ಇದನ್ನು ಮಣ್ಣು ಮಾಡಬೇಕು. ಕಸದ ಗಾಡಿಗೆ ಹಾಕಲು ಮನಸ್ಸು ಬರಲಿಲ್ಲ. ಉಂಡೆ ಅಂತ ಹೆಸರಿಟ್ಟುಕೊಂಡು ಮನೆಯಲ್ಲಿದ್ದ ಜೀವ.

ಹಿತ್ತಲ ಬಿಲ್ವಪತ್ರೆ ಮರದ ಬುಡದಲ್ಲಿ ಸಲಿಕೆಯಿಂದ ಗುಂಡಿ ತೋಡಿದೆ. ಸುಮ್ಮನೆ ಮಲಗಿಸಿ ಮಣ್ಣು ಮುಚ್ಚಿದ್ದರೆ ಆಗುತ್ತಿತ್ತು. ಆದರೆ ಕೈಗೆ ಬೇರೆ ರೀತಿ ಗೊತ್ತಿಲ್ಲ. ಗುಂಡಿಯ ಪಕ್ಕದ ಗೋಡೆಯಲ್ಲಿ ಒಂದು ಪುಟ್ಟ ಗೂಡು ಕೊರೆದೆ. ಅರಳೆ ವ್ಯಾಪಾರಿಯ ಮನೆಯ ಪ್ರಾಣಿ ಬರೀ ಮೈಯಲ್ಲಿ ಹೋಗಬಾರದು ಅಂತ ಒಳಗಿನಿಂದ ಒಂದು ಹಿಡಿ ಬೂರುಗದ ಅರಳೆ ತಂದು ಮೈಗೆ ಸುತ್ತಿದೆ. ಮುಖ ಮಾತ್ರ ಬಿಟ್ಟೆ. ಕೂರಿಸಿದೆ. ಹೇಗೆ ಕೂರಿಸಿದರೆ ಹಾಗೆ ಕೂತಿತು. ಹಣೆಗೆ ಚಿಟಿಕೆ ವಿಭೂತಿ ಹಚ್ಚಿ, ಒಂದು ಪತ್ರೆ ಇಟ್ಟೆ. ಗೂಡಿನ ಬಾಯಿಗೆ ಒಡೆದ ಹೆಂಚಿನ ತುಂಡು ಅಡ್ಡ ನಿಲ್ಲಿಸಿ ಗುಂಡಿಗೆ ಮಣ್ಣು ಎಳೆದೆ. ಟೈಗರ್ ಕೆದಕದಿರಲಿ ಅಂತ ಮೇಲೊಂದು ಚಪ್ಪಡಿ ಕಲ್ಲು ಜರುಗಿಸಿದೆ. ಯಾರಾದರೂ ನೋಡಿದ್ದರೆ ಮುದುಕನಿಗೆ ಅರಳುಮರಳು ಅನ್ನುತ್ತಿದ್ದರು. ಅನ್ನಲಿ.

ಸ್ನಾನ ಮಾಡಿ, ಒಂದಿಷ್ಟು ಅನ್ನ ಗಂಟಲಲ್ಲಿ ತುರುಕಿ ಅಮರ್ ಅಂಗಡಿಗೆ ಹೋಗುವಾಗ ಮಧ್ಯಾಹ್ನ ಎರಡು ದಾಟಿತ್ತು. ಅಮರ್ ನನ್ನನ್ನು ನೋಡಿ ನಕ್ಕ. 'ಏನ್ ಸಾರ್, ಜೊತೆಗೊಂದು ಬೇಕಾ? ಬೇಡ ಸಾರ್, ಕಚ್ಚಾಡ್ತವೆ.'

'ಆ ಮೊದಲಿನದು ಹೋಯ್ತಪ್ಪ. ಅದೇ ಬಣ್ಣದ್ದು ಇನ್ನೊಂದು ಕೊಡು. ಬೇಗ.'

'ಹೋಯ್ತಾ? ಬೆಕ್ಕಾ?'

'ಬೆಕ್ಕಲ್ಲ. ಬೆಕ್ಕು ಮುಟ್ಟಬಾರ್ದು ಅಂತ ಬಚ್ಚಲಲ್ಲಿಟ್ಟಿದ್ದೆ. ಬೆಳಿಗ್ಗೆ ನೋಡಿದ್ರೆ ತಣ್ಣಗಾಗಿತ್ತು.'

ಅವನ ನಗು ಹೋಯಿತು. 'ಈ ಚಳೀಲಿ ಬಚ್ಚಲಲ್ಲಾ? ನಾನು ಆವತ್ತೇ ಹೇಳಿದ್ನಲ್ಲ ಸಾರ್! ಚಳಿ ತಾಗಿದ್ರೆ ಸತ್ತಂಗೇ ಬಿದ್ಬಿಡತ್ತೆ, ಉಸಿರೂ ಗೊತ್ತಾಗಲ್ಲ, ಕೈಲಿಟ್ಕೊಂಡು ಬೆಚ್ಚಗೆ ಮಾಡಿ ಅಂತ. ಮೈ ಸೆಟೆದಿತ್ತಾ, ಮೆತ್ತಗಿತ್ತಾ?'

ಹೇಗೆ ಕೂರಿಸಿದರೆ ಹಾಗೆ ಕೂತಿತ್ತು. ಶೈಲಜಳನ್ನು ಕೂರಿಸುವಾಗ ಮೈ ಸೆಟೆದು ಹೋಗಿತ್ತು, ಮಂಡಿ ಮಡಿಸಲು ನಾಲ್ಕು ಜನ ಸೇರಬೇಕಾಯಿತು. ಸತ್ತ ಮೈ ಹೇಗಿರುತ್ತದೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೊತ್ತಿದ್ದೂ ಕೂರಿಸಿದೆ. ಮಣ್ಣು ಎಳೆದೆ. ಮೇಲೆ ಕಲ್ಲು ಹೇರಿದೆ.

'ಮೆತ್ತಗಿತ್ತು' ಅಂದೆ.

'ಹಂಗಾದ್ರೆ ಈಗ ಎಲ್ಲಿದೆ ಸಾರ್?'

ನಾನು ಆಗಲೇ ರಸ್ತೆಗೆ ಓಡಿದ್ದೆ. 'ಎಲ್ಲಾನೂ ಏಳಲ್ಲ ಸಾರ್, ನೋಡಿ!' ಅಂತ ಅವನು ಹಿಂದಿನಿಂದ ಕೂಗುತ್ತಿದ್ದ.

ಸಿಕ್ಕ ಆಟೋ ಹತ್ತಿದೆ. ಚಾಮರಾಜಪೇಟೆ, ಬೇಗ, ಬೇಗ ಅಂದೆ. ನನ್ನ ಮುಖ ಕನ್ನಡಿಯಲ್ಲಿ ನೋಡಿ ಡ್ರೈವರ್ ಹೆದರಿದ. 'ಯಾಕ್ ಯಜಮಾನ್ರೇ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?'

'ಹೌದಪ್ಪ, ಉಸಿರು ಕಟ್ಟಿದೆ.'

'ಅಯ್ಯೋ! ಆಂಬುಲೆನ್ಸ್ ಕರೀಬಾರ್ದಾ?'

ಏನು ಹೇಳಲಿ ಅವನಿಗೆ? ಪಾಪ, ಸಂದಿಗೊಂದಿ ನುಗ್ಗಿ ಹಾರ್ನ್ ಮೇಲಿಂದ ಕೈ ತೆಗೆಯದೆ ಓಡಿಸಿದ. ಆದರೂ ರಾಮಕೃಷ್ಣಾಶ್ರಮದ ಹತ್ತಿರ ಸಿಗ್ನಲ್ಲಿಗೆ ಸಿಕ್ಕಿಹಾಕಿಕೊಂಡೆವು. ಬಿಸಿಲು ಸುಡುತ್ತಿತ್ತು. ಕಣ್ಣು ಮುಚ್ಚಿದರೆ ಕತ್ತಲೆಯ ಗೂಡು ಕಾಣುತ್ತಿತ್ತು. ಅದರೊಳಗೆ ಕಣ್ಣು ಬಿಟ್ಟು, ಸುತ್ತಲೂ ಮಣ್ಣು ಮುಟ್ಟಿ ನೋಡುತ್ತಿರುವ ಜೀವ. ಅದು ಇಲಿ ಅಂತ ನನಗೆ ಆಗ ಅನ್ನಿಸಲೇ ಇಲ್ಲ. ನಾನೇ ಒಳಗೆ ಕೂತ ಹಾಗಿತ್ತು. ದೇವರೇ, ಅದು ನಿಜವಾಗಿ ಸತ್ತೇ ಇರಲಿ ಅಂತಲೂ ಒಮ್ಮೆ ಬೇಡಿಕೊಂಡೆ. ಮರುಗಳಿಗೆಯೇ ಥೂ ಅಂತ ನನ್ನನ್ನೇ ಬೈದುಕೊಂಡೆ.

ಮನೆಯ ಗೇಟು ತೆರೆದಾಗಲೇ ಟೈಗರ್ ಬೊಗಳುವುದು ಕೇಳಿಸಿತು. ಹಿತ್ತಲಿಗೆ ಓಡಿದೆ. ನಾಯಿ ಚಪ್ಪಡಿಯ ಸುತ್ತ ಮಣ್ಣು ಕೆದರಿ ಗುಡ್ಡೆ ಮಾಡಿತ್ತು. ಬೆಕ್ಕುಗಳೆರಡೂ ಕಾಂಪೌಂಡಿನ ಮೇಲೆ ಕೂತು ಒಂದೇ ಕಡೆ ನೋಡುತ್ತಿದ್ದವು. ನಾಯಿಯನ್ನು ಎಳೆದು ಕಟ್ಟಿಹಾಕಿದೆ, ಕಲ್ಲು ಜರುಗಿಸಿದೆ. ಸಲಿಕೆ ಹಾಕಲು ಧೈರ್ಯ ಬರಲಿಲ್ಲ, ಎಲ್ಲಿ ತಗುಲುತ್ತದೋ. ಮಂಡಿಯೂರಿ ಕೈಯಲ್ಲೇ ಮಣ್ಣು ತೆಗೆಯತೊಡಗಿದೆ. ಉಗುರೊಳಗೆಲ್ಲ ಮಣ್ಣು. ಬೆಟ್ಟ ಅಗೆದು ಇಲಿ ಹಿಡಿದರು ಅಂತ ಜನ ನಗುತ್ತಾರಲ್ಲ, ಇಲಿ ಸಿಕ್ಕರೆ ಸಾಕು ಅಂತ ಅಗೆದವನು ನಾನೊಬ್ಬನೇ ಇರಬೇಕು.

ಹೆಂಚಿನ ತುಂಡು ಬೆರಳಿಗೆ ತಗುಲಿತು. ಅದೇ ಹೊತ್ತಿಗೆ ಬೆನ್ನ ಹಿಂದೆ ದನಿ ಕೇಳಿಸಿತು.

'ತಾತ, ಏನ್ ಮಾಡ್ತಿದೀಯಾ?'

ಬೆನ್ನ ಮೇಲೆ ಬ್ಯಾಗು, ಕುತ್ತಿಗೆಯಲ್ಲಿ ನೀರಿನ ಬಾಟಲಿ. ವ್ಯಾನು ಬಂದದ್ದು ನನಗೆ ಕೇಳಿಸಿಯೇ ಇರಲಿಲ್ಲ. ಅವಳ ಕಣ್ಣು ಗುಂಡಿಯ ಮೇಲಿತ್ತು, ಪಕ್ಕದಲ್ಲಿ ಬಿದ್ದಿದ್ದ ವಿಭೂತಿ ಗಟ್ಟಿಯ ಮೇಲಿತ್ತು. ಬಚ್ಚಲ ಬಾಗಿಲಲ್ಲಿ ಖಾಲಿ ಪಂಜರ. ಮಗು ಎಲ್ಲವನ್ನೂ ನೋಡಿತು.

'ಒಳಗೆ ಹೋಗು ಕಂದ' ಅಂದೆ. 'ಕೈಕಾಲು ತೊಳ್ಕೋ. ನಾನು ಬರ್ತೀನಿ.'

ಅವಳು ಬ್ಯಾಗು ಕೆಳಗಿಟ್ಟು ಬಂದು ನನ್ನ ಪಕ್ಕ ಮಂಡಿಯೂರಿದಳು.

ಹೆಂಚು ತೆಗೆಯಲು ನನ್ನ ಕೈ ಬರಲಿಲ್ಲ. ನಿಜ ಹೇಳುತ್ತೇನೆ, ಜೀವನದಲ್ಲಿ ಅಷ್ಟು ಹೆದರಿದ್ದಿಲ್ಲ. ಹೆಂಚಿನ ಆಚೆ ಏನಿದೆಯೋ ಅದನ್ನು ಈ ಮಗು ಸಾಯುವವರೆಗೂ ಮರೆಯುವುದಿಲ್ಲ. ಕೊನೆಗೆ ಪುಟ್ಟ ಕೈಯೇ ಮುಂದೆ ಬಂದು ಅದನ್ನು ಎಳೆಯಿತು.

ಗೂಡಿನಲ್ಲಿ ಅರಳೆ ಮಾತ್ರ ಕಂಡಿತು. ಪತ್ರೆ ಬಾಡಿ ಕೆಳಗೆ ಬಿದ್ದಿತ್ತು. ನಾನು ಕಣ್ಣು ಮುಚ್ಚಿಕೊಂಡೆ.

'ತಾತ' ಅಂದಳು. 'ತಾತ, ಅರಳೆ ಅಲ್ಲಾಡ್ತಿದೆ.'

ಮೊದಲು ಮೀಸೆ ಬಂತು, ಆಮೇಲೆ ವಿಭೂತಿ ಹಚ್ಚಿದ ಹಣೆ. ಮಧ್ಯಾಹ್ನದ ಬಿಸಿಲಿಗೆ ಮಣ್ಣು ಬೆಚ್ಚಗಾಗಿತ್ತು, ಮೈಗೆ ಅರಳೆಯಿತ್ತು, ಗೂಡೊಳಗೆ ಮಣ್ಣು ಬಿದ್ದಿರಲಿಲ್ಲ. ಕುಡಿದವರ ಹಾಗೆ ಓಲಾಡುತ್ತಾ ಉಂಡೆ ಹೊರಗೆ ಬಂದು ಅಕ್ಷಯಾಳ ಅಂಗೈ ಮೇಲೆ ಕೂತಿತು. ನಡುಗುತ್ತಿತ್ತು. ಹೊಟ್ಟೆ ಆಡುತ್ತಿತ್ತು. ನಾನು ಮಣ್ಣುಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಏನಾದರೂ ಅಂದುಕೊಳ್ಳಲಿ ಅಂತ ಅತ್ತೆ.

ಅವಳು ಅಳಲಿಲ್ಲ, ಕುಣಿಯಲೂ ಇಲ್ಲ. ಉಂಡೆಯನ್ನು ಸ್ವೆಟರ್ ಒಳಗೆ ಎದೆಗೆ ಇಟ್ಟುಕೊಂಡಳು. ಆಮೇಲೆ ಕೇಳಿದಳು.

'ಸತ್ತಿದೆ ಅಂದ್ಕೊಂಡು ಹೂಳಿದ್ಯಾ ತಾತ?'

'ಹೂಂ ಕಂದ.'

'ಬೆಳಿಗ್ಗೆ ಉಸಿರು ನೋಡ್ದೆ ಅಂದ್ಯಲ್ಲ?'

'ಸುಳ್ಳು ಹೇಳ್ದೆ. ನೋಡಿರ್ಲಿಲ್ಲ.'

ಅವಳು ತಲೆಯಾಡಿಸಿದಳು. ಗೂಡಿನೊಳಗೆ ಬಗ್ಗಿ ನೋಡಿದಳು, ವಿಭೂತಿ ಗಟ್ಟಿಯನ್ನು ಬೆರಳಿಂದ ಮುಟ್ಟಿದಳು. ನನಗೆ ಏನೋ ಬರುತ್ತಿದೆ ಅಂತ ಗೊತ್ತಾಯಿತು. ಬಾರದಿರಲಿ ಅಂತ ಬೇಡಿಕೊಂಡೆ.

'ಅಜ್ಜಿನೂ ಹೀಗೇ ಕೂರಿಸಿದ್ರಿ ಅಲ್ವಾ?'

'ಹೌದು.'

'ಅಜ್ಜಿ ಉಸಿರು ಯಾರು ನೋಡಿದ್ರು?'

ಒಂದು ವರ್ಷದಿಂದ ಈ ಪ್ರಶ್ನೆ ಹೊತ್ತುಕೊಂಡು ತಿರುಗುತ್ತಿತ್ತೇ ಈ ಮಗು? ಅದಕ್ಕೇನಾ ದಿನಾ ಬೆಳಿಗ್ಗೆ ಅಂಗೈ ಹಿಡಿದದ್ದು? ಇಡೀ ಮನೆಯಲ್ಲಿ ಯಾರೂ ಸರಿಯಾಗಿ ನೋಡುವುದಿಲ್ಲ, ತಾನಾದರೂ ನೋಡಬೇಕು ಅಂತ?

'ನಾನು ನೋಡ್ದೆ' ಅಂದೆ. 'ನೀನು ಕೂಗಿದ ಮೇಲೆ ಓಡಿ ಬಂದ್ನಲ್ಲ. ನಿನ್ನನ್ನ ಅಮ್ಮ ಎತ್ಕೊಂಡು ಹೊರಗೆ ಹೋದ್ಳು. ಆಗ ನೋಡ್ದೆ. ಮೂಗಿನ ಹತ್ರ ಕೆನ್ನೆ ಇಟ್ಟು ನೋಡ್ದೆ. ಕೈನ ನನ್ನ ಎರಡು ಕೈಯಲ್ಲಿ ಉಜ್ಜಿದೆ, ಬೆಚ್ಚಗಾಗ್ಲಿ ಅಂತ. ಡಾಕ್ಟರು ಬರೋವರೆಗೂ ಉಜ್ಜಿದೆ. ಆಗ್ಲಿಲ್ಲ ಕಂದ.'

'ಇದು ಸುಳ್ಳಲ್ವಾ?'

'ಅಲ್ಲ. ನಿನ್ನಾಣೆಗೂ ಅಲ್ಲ.'

ಅವಳು ನನ್ನ ಮುಖವನ್ನೇ ನೋಡಿದಳು. ನಾನು ಕಣ್ಣು ತಪ್ಪಿಸಲಿಲ್ಲ. ತಪ್ಪಿಸಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆಮೇಲೆ ಒಂದು ಕೈಯಲ್ಲಿ ಸ್ವೆಟರಿನೊಳಗಿನ ಉಂಡೆಯನ್ನು ಹಿಡಿದುಕೊಂಡು ಇನ್ನೊಂದು ಅಂಗೈಯನ್ನು ನನ್ನ ಮೂಗಿನ ಕೆಳಗೆ ತಂದಳು. ಅಳುತ್ತಿದ್ದ ನನಗೆ ಉಸಿರು ಸರಿಯಾಗಿ ಬರುತ್ತಿರಲಿಲ್ಲ.

'ಬಿಡು ತಾತ' ಅಂದಳು.

ಬಿಟ್ಟೆ.

'ಇನ್ನೊಂದ್ಸಲ.'

ಮತ್ತೆ ಬಿಟ್ಟೆ. ಅವಳು ಕೈ ತೆಗೆಯಲಿಲ್ಲ.